ಫೋಟಾನ್, ಬಲ, ದ್ರವ್ಯರಾಶಿ: ವಿಶಿಷ್ಟ ಸಾಪೇಕ್ಷತೆಯ ಲೆಕ್ಕವನ್ನು ಎಲ್ಲಿಂದ ಹಿಡಿಯಬೇಕು?

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಕಾಲೇಜುಗಳಲ್ಲಿ ದ್ವಿತೀಯ ಪಿಯುಸಿ ಮುಗಿಸಿ ಬಿ.ಎಸ್‌ಸಿ. ಭೌತಶಾಸ್ತ್ರಕ್ಕೆ ಬರುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎರಡು ಮಾತುಗಳನ್ನು ಒಟ್ಟಿಗೆ ಒಪ್ಪಿಕೊಂಡು ಬಂದಿರುತ್ತಾರೆ: ಬೆಳಕಿನ ಕಣವಾದ ಫೋಟಾನಿಗೆ ದ್ರವ್ಯರಾಶಿ ಇಲ್ಲ, ಆದರೆ ಸಂವೇಗ ಇದೆ. ಸಂವೇಗವೆಂದರೆ ದ್ರವ್ಯರಾಶಿ ಮತ್ತು ವೇಗಗಳ ಗುಣಲಬ್ಧ ಎಂದು ಹೈಸ್ಕೂಲಿನಲ್ಲಿಯೇ ಕಲಿತವರಿಗೆ ಈ ಎರಡು ಮಾತುಗಳು ಒಂದಕ್ಕೊಂದು ಕೂಡಿ ಬರುವುದಿಲ್ಲ. ಈ ತೊಡಕನ್ನು ಮುಚ್ಚುವುದಕ್ಕಾಗಿ ಹಲವು ಹಳೆಯ ಪಠ್ಯಗಳು ‘ವೇಗ ಹೆಚ್ಚಿದಂತೆ ದ್ರವ್ಯರಾಶಿಯೂ ಹೆಚ್ಚುತ್ತದೆ’ ಎಂಬ ತೇಪೆಯೊಂದನ್ನು ಹಾಕಿದವು. ಆ ತೇಪೆಯನ್ನು ಕಿತ್ತು ಹಾಕಿ, ವಿಶಿಷ್ಟ ಸಾಪೇಕ್ಷತೆಯ, ಅಂದರೆ ಬೆಳಕಿನ ವೇಗಕ್ಕೆ ಹತ್ತಿರದ ಚಲನೆಯನ್ನೂ ವಿವರಿಸುವ ಐನ್‌ಸ್ಟೈನ್ ಸಿದ್ಧಾಂತದ ಲೆಕ್ಕವನ್ನು ಶಕ್ತಿ ಮತ್ತು ಸಂವೇಗಗಳಿಂದಲೇ ಆರಂಭಿಸಿದರೆ ಗೊಂದಲಕ್ಕೆ ಜಾಗವೇ ಇರುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಕಾಗದ, ಪೆನ್ನು ಮತ್ತು ಒಂದು ಸೈಂಟಿಫಿಕ್ ಕ್ಯಾಲ್ಕುಲೇಟರ್ ಇಟ್ಟುಕೊಂಡು ಓದಿದರೆ ಇಲ್ಲಿರುವ ಪ್ರತಿಯೊಂದು ಸಂಖ್ಯೆಯನ್ನೂ ನೀವೇ ಪಡೆಯಬಹುದು. ಉದಾಹರಣೆಗಳಿಗಾಗಿ ದೂರ ಹೋಗಬೇಕಾದ ಅಗತ್ಯವೂ ಇಲ್ಲ. ಪಾವಗಡದ ಸೋಲಾರ್ ಪಾರ್ಕ್, ಗೌರಿಬಿದನೂರಿನ ರೇಡಿಯೊ ದೂರದರ್ಶಕ ಮತ್ತು ಕೆಜಿಎಫ್‌ನ ಚಿನ್ನದ ಗಣಿ ಸಾಕಷ್ಟಾಯಿತು.

ಮೊದಲ ಹೆಜ್ಜೆ: ಸ್ಥಿರಾಂಕಗಳನ್ನು ಬರೆದುಕೊಳ್ಳಿ

ನಿರ್ವಾತದಲ್ಲಿ ಬೆಳಕಿನ ವೇಗ ಸೆಕೆಂಡಿಗೆ 29,97,92,458 ಮೀಟರ್. ಲೆಕ್ಕಕ್ಕೆ 3 × 10⁸ ಸಾಕು. ಪ್ಲಾಂಕ್ ಸ್ಥಿರಾಂಕ 6.626 × 10⁻³⁴ ಜೌಲ್-ಸೆಕೆಂಡ್. ಒಂದು ಎಲೆಕ್ಟ್ರಾನ್‌ವೋಲ್ಟ್ ಎಂದರೆ 1.602 × 10⁻¹⁹ ಜೌಲ್, ಅದರ ಹತ್ತು ಲಕ್ಷ ಪಟ್ಟು ಒಂದು ಎಂಇವಿ, ಸಾವಿರ ಎಂಇವಿ ಸೇರಿದರೆ ಒಂದು ಜಿಇವಿ. ಕಣಗಳ ದ್ರವ್ಯರಾಶಿಯನ್ನು ಕಿಲೋಗ್ರಾಂನಲ್ಲಿ ಹೊತ್ತು ತಿರುಗುವ ಬದಲು, ಅದನ್ನು ಬೆಳಕಿನ ವೇಗದ ವರ್ಗದಿಂದ ಗುಣಿಸಿದಾಗ ಬರುವ ವಿರಾಮ ಶಕ್ತಿಯನ್ನು ಎಂಇವಿಯಲ್ಲಿ ನೆನಪಿಟ್ಟುಕೊಳ್ಳಿ: ಎಲೆಕ್ಟ್ರಾನಿಗೆ 0.511, ಎಲೆಕ್ಟ್ರಾನಿನಂತೆಯೇ ಇದ್ದರೂ ಹೆಚ್ಚು ಭಾರದ ಮ್ಯೂಯಾನಿಗೆ 105.7, ಬೇಗನೆ ಒಡೆದುಹೋಗುವ ಕಣವಾದ ತಟಸ್ಥ ಪಯಾನಿಗೆ 135, ಪ್ರೋಟಾನಿಗೆ 938.3. ಸಂವೇಗವನ್ನೂ ಬೆಳಕಿನ ವೇಗದಿಂದ ಗುಣಿಸಿ ಎಂಇವಿಯಲ್ಲಿಯೇ ಇಟ್ಟುಕೊಂಡರೆ ಎಲ್ಲವೂ ಒಂದೇ ಏಕಮಾನಕ್ಕೆ ಬರುತ್ತದೆ ಮತ್ತು ಘಾತಾಂಕಗಳಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಅಲ್ಲಿಯೇ ನಿಂತುಹೋಗುತ್ತವೆ.

ಎರಡನೆಯ ಹೆಜ್ಜೆ: ಯಾವ ದ್ರವ್ಯರಾಶಿ ಎಂಬುದನ್ನು ತೀರ್ಮಾನಿಸಿ

ಈ ಲೇಖನದಲ್ಲಿ ದ್ರವ್ಯರಾಶಿ ಎಂದರೆ ವಿರಾಮ ದ್ರವ್ಯರಾಶಿ ಮಾತ್ರ. ಯಾವ ವೀಕ್ಷಕನು ಅಳೆದರೂ, ಎಷ್ಟೇ ವೇಗದಲ್ಲಿ ಓಡುತ್ತ ಅಳೆದರೂ ಬದಲಾಗದೆ ಉಳಿಯುವ ರಾಶಿ ಅದು. ವೇಗದೊಂದಿಗೆ ಬೆಳೆಯುವುದು ಶಕ್ತಿ ಮತ್ತು ಸಂವೇಗಗಳೇ ಹೊರತು ದ್ರವ್ಯರಾಶಿಯಲ್ಲ. ವಿರಾಮ ದ್ರವ್ಯರಾಶಿಯನ್ನು ಗ್ಯಾಮಾ ಎಂಬ ಗುಣಕದಿಂದ ಗುಣಿಸಿ ‘ಸಾಪೇಕ್ಷ ದ್ರವ್ಯರಾಶಿ’ ಎಂದು ಕರೆಯುವ ರೂಢಿ ಇಂದಿಗೂ ಪ್ರಶ್ನೆಪತ್ರಿಕೆಗಳಲ್ಲಿ ಉಳಿದಿರಬಹುದು. ಪರೀಕ್ಷೆಯಲ್ಲಿ ಕೇಳಿದರೆ ಉತ್ತರಿಸಿ, ಆದರೆ ಅದನ್ನು ಬೆಳಕಿನ ವೇಗದ ವರ್ಗದಿಂದ ಗುಣಿಸಿದರೆ ದೊರೆಯುವುದು ಒಟ್ಟು ಶಕ್ತಿಯಷ್ಟೇ ಎಂಬುದು ತಿಳಿದಿರಲಿ. ಈಗಾಗಲೇ ಕೈಯಲ್ಲಿರುವ ರಾಶಿಗೆ ಇನ್ನೊಂದು ಹೆಸರು ಕೊಟ್ಟು ಹೊಸ ತಪ್ಪುಗಳಿಗೆ ದಾರಿ ಮಾಡಿಕೊಡುವುದರಿಂದ ಲಾಭವಿಲ್ಲ. ಐನ್‌ಸ್ಟೈನ್ ಅವರೇ 1948ರ ಒಂದು ಪತ್ರದಲ್ಲಿ, ಚಲಿಸುವ ವಸ್ತುವಿಗೆ ಬೇರೊಂದು ದ್ರವ್ಯರಾಶಿಯನ್ನು ಕಲ್ಪಿಸುವುದು ಒಳ್ಳೆಯದಲ್ಲವೆಂದೂ, ಅದರ ಬದಲು ಸಂವೇಗ ಮತ್ತು ಶಕ್ತಿಗಳ ಸೂತ್ರಗಳನ್ನು ಹೇಳುವುದೇ ಮೇಲೆಂದೂ ಸಲಹೆ ನೀಡಿದ್ದರು.

ಗ್ಯಾಮಾ ಮಾತ್ರ ನಮಗೆ ಬೇಕು. ಅದರ ಸೂತ್ರ ಹೀಗಿದೆ:

ಗ್ಯಾಮಾ = 1 ÷ √(1 − (ವೇಗ ÷ ಬೆಳಕಿನ ವೇಗ)²)

ಮೂರನೆಯ ಹೆಜ್ಜೆ: ಎರಡೇ ಸಮೀಕರಣಗಳಿಂದ ಆರಂಭಿಸಿ

ಶಕ್ತಿ² = (ಸಂವೇಗ × ಬೆಳಕಿನ ವೇಗ)² + (ದ್ರವ್ಯರಾಶಿ × ಬೆಳಕಿನ ವೇಗ²)²

ವೇಗ = ಸಂವೇಗ × ಬೆಳಕಿನ ವೇಗ² ÷ ಶಕ್ತಿ

ಮೊದಲನೆಯದರಲ್ಲಿ ಸಂವೇಗವನ್ನು ಸೊನ್ನೆ ಮಾಡಿದರೆ 1905ರ ಸೆಪ್ಟೆಂಬರಿನಲ್ಲಿ ಐನ್‌ಸ್ಟೈನ್ ಬರೆದ ಪ್ರಸಿದ್ಧ ಸಂಬಂಧ, ಅಂದರೆ ವಿರಾಮ ಶಕ್ತಿಯು ದ್ರವ್ಯರಾಶಿಯನ್ನು ಬೆಳಕಿನ ವೇಗದ ವರ್ಗದಿಂದ ಗುಣಿಸಿದಷ್ಟು ಎಂಬುದು ದೊರೆಯುತ್ತದೆ. ದ್ರವ್ಯರಾಶಿಯನ್ನು ಸೊನ್ನೆ ಮಾಡಿದರೆ ಶಕ್ತಿಯು ಸಂವೇಗ ಮತ್ತು ಬೆಳಕಿನ ವೇಗಗಳ ಗುಣಲಬ್ಧವಾಗುತ್ತದೆ. ಇದನ್ನು ಎರಡನೆಯ ಸಮೀಕರಣದಲ್ಲಿ ಹಾಕಿದಾಗ ವೇಗವು ಬೆಳಕಿನ ವೇಗಕ್ಕೆ ಸಮನಾಗಿ ಬರುತ್ತದೆ, ಬೇರೆ ಉತ್ತರವೇ ಇಲ್ಲ. ದ್ರವ್ಯರಾಶಿ ಇಲ್ಲದ ಕಣ ನಿಲ್ಲಲಾರದು, ನಿಧಾನಿಸಲಾರದು, ಇನ್ನೂ ವೇಗವಾಗಿ ಹೋಗಲಾರದು ಎಂಬ ಮೂರೂ ಮಾತುಗಳು ಈ ಒಂದೇ ಸಾಲಿನಿಂದ ಹೊರಡುತ್ತವೆ.

ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವ ಜಾಗ ಇದೇ. ಸಂವೇಗ = ಗ್ಯಾಮಾ × ದ್ರವ್ಯರಾಶಿ × ವೇಗ ಎಂಬ ಸೂತ್ರದಲ್ಲಿ ಫೋಟಾನಿನ ಬೆಲೆಗಳನ್ನು ಹಾಕಿದರೆ ಗ್ಯಾಮಾ ಅನಂತವಾಗುತ್ತದೆ, ದ್ರವ್ಯರಾಶಿ ಸೊನ್ನೆಯಾಗುತ್ತದೆ, ಮತ್ತು ಸೊನ್ನೆ ಗುಣಿಸು ಅನಂತ ಎಂಬುದಕ್ಕೆ ಅರ್ಥವಿಲ್ಲ. ಸಂವೇಗ ಇಲ್ಲ ಎಂದು ಆ ಸೂತ್ರ ಹೇಳುತ್ತಿಲ್ಲ. ಆ ಸೂತ್ರ ಇಲ್ಲಿಗೆ ಅನ್ವಯಿಸುವುದೇ ಇಲ್ಲ. ಆದ್ದರಿಂದ ದ್ರವ್ಯರಾಶಿ ಸೊನ್ನೆಯಿದ್ದಾಗ ಗ್ಯಾಮಾ ಬರುವ ಯಾವ ಸೂತ್ರವನ್ನೂ ಮುಟ್ಟದೆ, ಮೇಲಿನ ಎರಡು ಸಮೀಕರಣಗಳಿಗೇ ಮರಳಬೇಕು.

ನಾಲ್ಕನೆಯ ಹೆಜ್ಜೆ: ಒಂದು ಫೋಟಾನಿನ ಶಕ್ತಿ ಮತ್ತು ಸಂವೇಗ

ಫೋಟಾನಿನ ಶಕ್ತಿ ಪ್ಲಾಂಕ್ ಸ್ಥಿರಾಂಕ ಮತ್ತು ಆವೃತ್ತಿಗಳ ಗುಣಲಬ್ಧ. ಗೌರಿಬಿದನೂರಿನಲ್ಲಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು ಸೇರಿ ಕಟ್ಟಿದ ಡೆಕಾಮೀಟರ್ ತರಂಗ ದೂರದರ್ಶಕವು 34.5 ಮೆಗಾಹರ್ಟ್ಸ್ ಆವೃತ್ತಿಯಲ್ಲಿ ಆಕಾಶವನ್ನು ಆಲಿಸುವುದಕ್ಕಾಗಿ ರೂಪುಗೊಂಡಿತು. ಸಾವಿರ ಡೈಪೋಲ್ ಆಂಟೆನಾಗಳನ್ನು ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ ಹರಡಿದ್ದರು. ಆ ಆವೃತ್ತಿಯ ತರಂಗದೂರ ಸುಮಾರು 8.7 ಮೀಟರ್. ಒಂದು ಫೋಟಾನಿನ ಶಕ್ತಿ 2.29 × 10⁻²⁶ ಜೌಲ್, ಅಂದರೆ ಒಂದು ಎಲೆಕ್ಟ್ರಾನ್‌ವೋಲ್ಟಿನ ಕೋಟಿ ಭಾಗಗಳಲ್ಲಿ ಒಂದೂವರೆಗೂ ಸ್ವಲ್ಪ ಕಡಿಮೆ. ಅದನ್ನು ಬೆಳಕಿನ ವೇಗದಿಂದ ಭಾಗಿಸಿದರೆ ಸಂವೇಗ 7.6 × 10⁻³⁵ ಕಿ.ಗ್ರಾಂ-ಮೀಟರ್/ಸೆಕೆಂಡ್. ಈಗ 550 ನ್ಯಾನೋಮೀಟರ್ ತರಂಗದೂರದ ಹಸಿರು ಬೆಳಕನ್ನು ತೆಗೆದುಕೊಳ್ಳಿ: ಶಕ್ತಿ 3.6 × 10⁻¹⁹ ಜೌಲ್, ಅಂದರೆ 2.25 ಎಲೆಕ್ಟ್ರಾನ್‌ವೋಲ್ಟ್, ಸಂವೇಗ 1.2 × 10⁻²⁷. ಎರಡರ ನಡುವೆ ಸುಮಾರು ಒಂದೂವರೆ ಕೋಟಿ ಪಟ್ಟು ಅಂತರವಿದ್ದರೂ ಎರಡೂ ಓಡುವುದು ಒಂದೇ ವೇಗದಲ್ಲಿ, ಎರಡರ ದ್ರವ್ಯರಾಶಿಯೂ ಸೊನ್ನೆಯೇ. ಫೋಟಾನ್ ಶಕ್ತಿಯನ್ನು ಕಳೆದುಕೊಂಡಾಗ ಬದಲಾಗುವುದು ಆವೃತ್ತಿ, ವೇಗವಲ್ಲ.

ಇದು ಬರೀ ಕಾಗದದ ಲೆಕ್ಕವಲ್ಲ. 1923ರಲ್ಲಿ ಆರ್ಥರ್ ಕಾಂಪ್ಟನ್ ಎಕ್ಸ್‌ಕಿರಣಗಳನ್ನು ಎಲೆಕ್ಟ್ರಾನುಗಳಿಂದ ಚದುರಿಸಿ, ಚದುರಿದ ಕಿರಣದ ತರಂಗದೂರ ಹೆಚ್ಚುವುದನ್ನು ತೋರಿಸಿದರು. 90 ಡಿಗ್ರಿ ಕೋನದಲ್ಲಿ ಆ ಹೆಚ್ಚಳ 0.00243 ನ್ಯಾನೋಮೀಟರ್. ಎರಡು ಕಣಗಳ ನಡುವಿನ ಡಿಕ್ಕಿಯೆಂದು ಭಾವಿಸಿ, ಶಕ್ತಿ ಮತ್ತು ಸಂವೇಗಗಳೆರಡನ್ನೂ ಸಂರಕ್ಷಿಸಿ, ಫೋಟಾನಿನ ದ್ರವ್ಯರಾಶಿಯನ್ನು ಸೊನ್ನೆಯಾಗಿಟ್ಟಾಗ ಬರುವ ಸಂಖ್ಯೆ ಇದೇ. ಫೋಟಾನಿಗೆ ದ್ರವ್ಯರಾಶಿ ಇದ್ದರೂ ಅದು 10⁻¹⁸ ಎಲೆಕ್ಟ್ರಾನ್‌ವೋಲ್ಟಿಗಿಂತ ಕಡಿಮೆ ಇರಬೇಕೆಂದು ಇಂದಿನ ಅಳತೆಗಳು ಹೇಳುತ್ತವೆ.

ಐದನೆಯ ಹೆಜ್ಜೆ: ಬೆಳಕು ತಳ್ಳುವ ಬಲ

ಬಲವೆಂದರೆ ಒಂದು ಸೆಕೆಂಡಿನಲ್ಲಿ ಹಸ್ತಾಂತರವಾಗುವ ಸಂವೇಗ. ಬೆಳಕಿನ ವಿಷಯದಲ್ಲಿ ಈ ವ್ಯಾಖ್ಯೆಯನ್ನು ಬಿಟ್ಟು ದ್ರವ್ಯರಾಶಿ ಗುಣಿಸು ವೇಗೋತ್ಕರ್ಷ ಎಂದು ಹೊರಟರೆ ಒಂದು ಹೆಜ್ಜೆಯನ್ನೂ ಇಡಲಾಗದು, ಏಕೆಂದರೆ ಅಲ್ಲಿ ದ್ರವ್ಯರಾಶಿಯೂ ಇಲ್ಲ, ವೇಗೋತ್ಕರ್ಷವೂ ಇಲ್ಲ. ಬೆಳಕನ್ನು ಪೂರ್ತಿಯಾಗಿ ಹೀರಿಕೊಳ್ಳುವ ಮೇಲ್ಮೈಯ ಮೇಲಿನ ಬಲ, ಬೀಳುವ ಸಾಮರ್ಥ್ಯವನ್ನು ಬೆಳಕಿನ ವೇಗದಿಂದ ಭಾಗಿಸಿದಷ್ಟು. ನೇರವಾಗಿ ಬಿದ್ದ ಬೆಳಕನ್ನು ಕನ್ನಡಿಯಂತೆ ಹಿಂದಕ್ಕೆ ಕಳುಹಿಸುವ ಮೇಲ್ಮೈಯ ಮೇಲೆ ಅದರ ಎರಡು ಪಟ್ಟು, ಏಕೆಂದರೆ ಸಂವೇಗವು ನಿಲ್ಲುವುದಷ್ಟೇ ಅಲ್ಲದೆ ತಿರುಗಿ ಹೋಗುತ್ತದೆ.

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಹರಡಿರುವ 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕನ್ನು ತೆಗೆದುಕೊಳ್ಳೋಣ. ಅದರ ವಿಸ್ತೀರ್ಣ ಸುಮಾರು 13,000 ಎಕರೆ, ಅಂದರೆ 5.26 × 10⁷ ಚದರ ಮೀಟರ್. ಪಾವಗಡ 14 ಡಿಗ್ರಿ ಉತ್ತರ ಅಕ್ಷಾಂಶದ ಬಳಿ ಇರುವುದರಿಂದ ಏಪ್ರಿಲ್ ಕೊನೆಯ ವಾರದಲ್ಲಿ ನಡುಮಧ್ಯಾಹ್ನ ಸೂರ್ಯನು ನೆತ್ತಿಯ ಮೇಲೆಯೇ ಇರುತ್ತಾನೆ. ಆಗ ಚದರ ಮೀಟರಿಗೆ 1,000 ವಾಟ್ ಬೆಳಕು ಬೀಳುತ್ತದೆಂದು ಇಟ್ಟುಕೊಳ್ಳಬಹುದು. ಹಾಗಾದರೆ ಒತ್ತಡ ಚದರ ಮೀಟರಿಗೆ 3.3 × 10⁻⁶ ನ್ಯೂಟನ್. ಇಡೀ 13,000 ಎಕರೆಯ ಮೇಲೆ, ಪ್ಯಾನೆಲ್ ಇರುವ ಜಾಗ ಖಾಲಿ ಜಾಗ ಎಂದು ನೋಡದೆ ಎಲ್ಲವೂ ಬೆಳಕನ್ನು ಹೀರುತ್ತದೆಂದು ಭಾವಿಸಿದರೆ, ಒಟ್ಟು ಬಲ ಸುಮಾರು 175 ನ್ಯೂಟನ್. ಇದು 18 ಕೆ.ಜಿ. ರಾಗಿಯ ತೂಕ. ಹದಿಮೂರು ಸಾವಿರ ಎಕರೆಯ ಮೇಲೆ ಹರಡಿದ ಹದಿನೆಂಟು ಕಿಲೋ ಎಂದಾಗ, ಬೆಳಕಿನ ಒತ್ತಡವನ್ನು ನಾವು ದಿನನಿತ್ಯ ಏಕೆ ಗಮನಿಸುವುದಿಲ್ಲ ಎಂಬುದು ಸ್ಪಷ್ಟವಾಗುತ್ತದೆ. ಹೀರಿಕೊಂಡ ಬೆಳಕು ವಿದ್ಯುತ್ತಾಯಿತೋ ಬರೀ ಶಾಖವಾಯಿತೋ ಎಂಬುದರಿಂದ ಈ ಬಲದಲ್ಲಿ ಯಾವ ವ್ಯತ್ಯಾಸವೂ ಆಗುವುದಿಲ್ಲ. ಸಂವೇಗ ಬಂದು ಸೇರಿತೇ ಎಂಬುದಷ್ಟೇ ಇಲ್ಲಿ ಮುಖ್ಯ.

ಇಷ್ಟು ಸಣ್ಣ ಬಲವನ್ನು ರಷ್ಯಾದ ಪ್ಯೋತರ್ ಲೆಬೆಡೆವ್ 1901ರಲ್ಲಿಯೇ ಪ್ರಯೋಗಾಲಯದಲ್ಲಿ ಅಳೆದು ಪ್ರಕಟಿಸಿದ್ದರು. ಗಾಳಿಯ ಅಡ್ಡಿ ಇಲ್ಲದ ಬಾಹ್ಯಾಕಾಶದಲ್ಲಿ ಇದೇ ಬಲ ಕೆಲಸಕ್ಕೂ ಬರುತ್ತದೆ: 2010ರಲ್ಲಿ ಜಪಾನ್ ಹಾರಿಸಿದ ಇಕಾರೋಸ್ ನೌಕೆ ತೆಳುವಾದ ಹಾಯಿಯನ್ನು ಬಿಚ್ಚಿ, ಸೂರ್ಯನ ಬೆಳಕಿನ ತಳ್ಳುವಿಕೆಯಿಂದ ವೇಗ ಪಡೆಯಿತು.

ಆರನೆಯ ಹೆಜ್ಜೆ: ದ್ರವ್ಯರಾಶಿ ಇರುವ ಕಣದ ಮೇಲೆ ಬಲ

ಸಾಪೇಕ್ಷ ದ್ರವ್ಯರಾಶಿಯ ತೇಪೆ ನಿಜವಾಗಿ ಹರಿದುಹೋಗುವುದು ಇಲ್ಲಿ. ಬಲ = ಸಂವೇಗದ ಬದಲಾವಣೆಯ ದರ ಎಂಬ ವ್ಯಾಖ್ಯೆಯನ್ನು ಗ್ಯಾಮಾ ಇರುವ ಸಂವೇಗದ ಸೂತ್ರಕ್ಕೆ ಅನ್ವಯಿಸಿದರೆ ಎರಡು ಬೇರೆ ಬೇರೆ ಫಲಿತಾಂಶಗಳು ಬರುತ್ತವೆ. ಬಲವು ಚಲನೆಯ ದಿಕ್ಕಿನಲ್ಲಿದ್ದರೆ,

ಬಲ = ಗ್ಯಾಮಾ³ × ದ್ರವ್ಯರಾಶಿ × ವೇಗೋತ್ಕರ್ಷ

ಬಲವು ಚಲನೆಗೆ ಲಂಬವಾಗಿದ್ದರೆ,

ಬಲ = ಗ್ಯಾಮಾ × ದ್ರವ್ಯರಾಶಿ × ವೇಗೋತ್ಕರ್ಷ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲೊರೆಂಟ್ಜ್ ಮುಂತಾದವರು ಇವೆರಡಕ್ಕೆ ‘ನೇರ’ ಮತ್ತು ‘ಅಡ್ಡ’ ದ್ರವ್ಯರಾಶಿಗಳೆಂದು ಹೆಸರಿಟ್ಟಿದ್ದರು. ಒಂದೇ ಕಣಕ್ಕೆ ದಿಕ್ಕಿಗೊಂದು ದ್ರವ್ಯರಾಶಿ ಎಂಬ ಈ ಪರಿಸ್ಥಿತಿ ಸಹಜವಾಗಿಯೇ ಬಹಳ ಕಾಲ ಬಾಳಲಿಲ್ಲ. ಒಂದು ಕಣ ಬೆಳಕಿನ ವೇಗದ 0.6 ಪಟ್ಟಿನಲ್ಲಿ ಹೋಗುತ್ತಿದೆ ಎನ್ನಿ. ಗ್ಯಾಮಾ 1.25, ಅದರ ಘನ 1.953. ಚಲನೆಯ ದಿಕ್ಕಿಗೆ 45 ಡಿಗ್ರಿ ಓರೆಯಾಗಿ ಬಲ ಹಾಕಿದರೆ ವೇಗೋತ್ಕರ್ಷವು 45 ಡಿಗ್ರಿಯಲ್ಲಿ ಇರುವುದಿಲ್ಲ, 57.4 ಡಿಗ್ರಿಯಲ್ಲಿ ಇರುತ್ತದೆ. ಬಲ ಒಂದು ಕಡೆ, ವೇಗೋತ್ಕರ್ಷ ಇನ್ನೊಂದು ಕಡೆ ಇರುವಾಗ ಇವೆರಡನ್ನು ಯಾವುದೇ ಒಂದು ಸಂಖ್ಯೆಯಿಂದ ಗುಣಿಸಿ ಸಮ ಮಾಡಲು ಸಾಧ್ಯವಿಲ್ಲ, ಆ ಸಂಖ್ಯೆಯನ್ನು ಏನೆಂದು ಕರೆದರೂ ಸರಿಯೇ.

ಇದನ್ನು ಕೆಜಿಎಫ್‌ನ ಬಂಡೆಯೊಳಗೆ ಇಳಿಸಿ ನೋಡೋಣ. 1950ರ ದಶಕದ ಆರಂಭದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಿ.ವಿ. ಶ್ರೀಕಂಠನ್ ಮತ್ತು ಸಂಗಡಿಗರು ಕೋಲಾರದ ಚಿನ್ನದ ಗಣಿಯ ಬೇರೆ ಬೇರೆ ಆಳಗಳಿಗೆ ಉಪಕರಣಗಳನ್ನು ಒಯ್ದು, ವಾತಾವರಣದಲ್ಲಿ ವಿಶ್ವಕಿರಣಗಳಿಂದ ಹುಟ್ಟಿ ನೆಲದೊಳಕ್ಕೆ ನುಗ್ಗುವ ಮ್ಯೂಯಾನುಗಳನ್ನು ಅಳೆದಿದ್ದರು. ಅಲ್ಲಿನ ಬಂಡೆಯ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 3 ಗ್ರಾಂ. ವೇಗದ ಮ್ಯೂಯಾನ್ ಒಂದು ಚದರ ಸೆಂಟಿಮೀಟರಿಗೆ ಒಂದು ಗ್ರಾಂನಷ್ಟು ದ್ರವ್ಯವನ್ನು ದಾಟುವಾಗ ಕಡಿಮೆಯೆಂದರೂ ಸುಮಾರು 2 ಎಂಇವಿ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಶಕ್ತಿ ಹೆಚ್ಚಿದಂತೆ ಈ ನಷ್ಟ ನಿಧಾನವಾಗಿ ಏರುತ್ತದೆ, ಆದರೆ ಸ್ಥೂಲ ಅಂದಾಜಿಗೆ ಇದನ್ನೇ ಹಿಡಿಯೋಣ. ಹಾಗಾದರೆ ಮೀಟರಿಗೆ 600 ಎಂಇವಿ ನಷ್ಟ. ದೂರವೊಂದಕ್ಕೆ ಆಗುವ ಶಕ್ತಿಯ ಬದಲಾವಣೆಯೇ ಚಲನೆಯ ದಿಕ್ಕಿನ ಬಲ ಎಂಬ ನ್ಯೂಟನ್ನನ ಕಾಲದ ಸಂಬಂಧ ಸಾಪೇಕ್ಷತೆಯಲ್ಲಿಯೂ ಹಾಗೆಯೇ ಉಳಿಯುವುದರಿಂದ, ಮ್ಯೂಯಾನನ್ನು ತಡೆಯುವ ಬಲ 9.6 × 10⁻¹¹ ನ್ಯೂಟನ್ ಎಂದಾಯಿತು.

60 ಜಿಇವಿ ಶಕ್ತಿಯ ಮ್ಯೂಯಾನ್ ಈ ಲೆಕ್ಕದಲ್ಲಿ ಸುಮಾರು 100 ಮೀಟರ್ ಬಂಡೆಯನ್ನು ದಾಟಬಲ್ಲದು. ಅದರ ಗ್ಯಾಮಾ 60,000 ÷ 105.7, ಅಂದರೆ 568. ದ್ರವ್ಯರಾಶಿ 1.88 × 10⁻²⁸ ಕಿ.ಗ್ರಾಂ. ಬಲ ಚಲನೆಗೆ ಎದುರಾಗಿ, ಅದೇ ರೇಖೆಯಲ್ಲಿ ಇರುವುದರಿಂದ ಗ್ಯಾಮಾದ ಘನವನ್ನು ಬಳಸಬೇಕು. ಆಗ ವೇಗ ಕುಗ್ಗುವ ದರ 2.8 × 10⁹ ಮೀಟರ್/ಸೆಕೆಂಡ್². ಸಾಪೇಕ್ಷ ದ್ರವ್ಯರಾಶಿಯನ್ನು ನಂಬಿ ಗ್ಯಾಮಾವನ್ನು ಒಂದೇ ಬಾರಿ ಗುಣಿಸಿದವರಿಗೆ 9 × 10¹⁴ ಬರುತ್ತದೆ. ತಪ್ಪಿನ ಪ್ರಮಾಣ ಗ್ಯಾಮಾದ ವರ್ಗದಷ್ಟು, ಮೂರು ಲಕ್ಷ ಪಟ್ಟಿಗೂ ಹೆಚ್ಚು.

ಯಾವುದು ಸರಿ ಎಂಬುದನ್ನು ಶಕ್ತಿಯಿಂದ ಪರೀಕ್ಷಿಸಿ. ಮೊದಲ 50 ಮೀಟರ್ ದಾಟುವಷ್ಟರಲ್ಲಿ ಶಕ್ತಿ 30 ಜಿಇವಿಗೆ ಇಳಿದು ಗ್ಯಾಮಾ 284 ಆಗುತ್ತದೆ. ಗ್ಯಾಮಾ ದೊಡ್ಡದಿದ್ದಾಗ ವೇಗವು ಬೆಳಕಿನ ವೇಗಕ್ಕಿಂತ ಕಡಿಮೆ ಇರುವ ಭಾಗ 1 ÷ (2 × ಗ್ಯಾಮಾ²) ಎಂಬ ಸುಲಭ ಅಂದಾಜನ್ನು ಬಳಸಿದರೆ, ಆ ಕೊರತೆ ಹತ್ತು ಲಕ್ಷದಲ್ಲಿ 1.55ರಿಂದ 6.2ಕ್ಕೆ ಏರಿದೆ. ಅಂದರೆ ಅರ್ಧದಷ್ಟು ಶಕ್ತಿಯನ್ನು ಬಂಡೆಗೆ ಒಪ್ಪಿಸಿದ ಮ್ಯೂಯಾನ್ ವೇಗದಲ್ಲಿ ಕಳೆದುಕೊಂಡದ್ದು ಸೆಕೆಂಡಿಗೆ ಸುಮಾರು 1.4 ಕಿಲೋಮೀಟರ್ ಮಾತ್ರ, ಮೂರು ಲಕ್ಷ ಕಿಲೋಮೀಟರಿನಲ್ಲಿ. ಘನದ ಸೂತ್ರವನ್ನು ಸಣ್ಣ ಸಣ್ಣ ಭಾಗಗಳಾಗಿ ಕೂಡಿಸಿದರೆ ಇದೇ ಸಂಖ್ಯೆ ಬರುತ್ತದೆ, ಇನ್ನೊಂದರಿಂದ ಬರುವುದಿಲ್ಲ. ಇಂತಹ ಕಣಗಳ ವಿಷಯದಲ್ಲಿ ವೇಗವನ್ನು ಹಿಡಿದು ಲೆಕ್ಕ ಮಾಡುವುದೇ ಕೆಟ್ಟ ಅಭ್ಯಾಸ. ಶಕ್ತಿಯನ್ನೋ ಸಂವೇಗವನ್ನೋ ಹಿಡಿದು ನಡೆದು, ವೇಗವನ್ನು ಕೇಳಿದಾಗ ಮಾತ್ರ ಕೊನೆಯಲ್ಲಿ ಹೇಳಬೇಕು.

ಮೀಟರಿಗೆ ಹತ್ತು ಲಕ್ಷ ವೋಲ್ಟ್ ವಿದ್ಯುತ್ ಕ್ಷೇತ್ರದಲ್ಲಿ ಎಲೆಕ್ಟ್ರಾನೊಂದು ನಿಶ್ಚಲ ಸ್ಥಿತಿಯಿಂದ ಒಂದು ಮೀಟರ್ ಓಡಿದರೆ ಎಷ್ಟು ವೇಗ ಪಡೆಯುತ್ತದೆ ಎಂಬುದನ್ನು ಇದೇ ಕ್ರಮದಲ್ಲಿ ನೀವೇ ಮಾಡಿ. ಒಟ್ಟು ಶಕ್ತಿ 1.511 ಎಂಇವಿ, ಸಂವೇಗ 1.422, ಭಾಗಿಸಿದರೆ ಬೆಳಕಿನ ವೇಗದ 0.941 ಪಟ್ಟು. ನ್ಯೂಟನ್ನನ ಸೂತ್ರವಾದರೆ 1.98 ಪಟ್ಟು ಎನ್ನುತ್ತಿತ್ತು. 1964ರಲ್ಲಿ ವಿಲಿಯಂ ಬರ್ಟೊಜ್ಜಿ ಎಲೆಕ್ಟ್ರಾನುಗಳ ವೇಗ ಮತ್ತು ಶಕ್ತಿಗಳನ್ನು ಪ್ರತ್ಯೇಕವಾಗಿ ಅಳೆದು, ಶಕ್ತಿ ಎಷ್ಟೇ ಏರಿದರೂ ವೇಗ ಬೆಳಕಿನ ವೇಗವನ್ನು ಮೀರುವುದಿಲ್ಲವೆಂದು ತೋರಿಸಿದ್ದಾರೆ.

ಏಳನೆಯ ಹೆಜ್ಜೆ: ಹಲವು ಕಣಗಳ ದ್ರವ್ಯರಾಶಿ

ಒಂದು ಫೋಟಾನಿಗೆ ದ್ರವ್ಯರಾಶಿ ಇಲ್ಲ. ಆದರೆ ಎರಡು ಫೋಟಾನುಗಳ ಕೂಟಕ್ಕೆ ಇರಬಹುದು. ಬಿಡಿ ದ್ರವ್ಯರಾಶಿಗಳನ್ನು ಕೂಡಿಸಬಾರದು ಎಂಬುದೇ ಇಲ್ಲಿನ ನಿಯಮ. ಮೊದಲು ಎಲ್ಲ ಶಕ್ತಿಗಳನ್ನು ಕೂಡಿಸಿ. ಬಳಿಕ ಎಲ್ಲ ಸಂವೇಗಗಳನ್ನು ದಿಕ್ಕುಸಹಿತ, ಸದಿಶಗಳಾಗಿ ಕೂಡಿಸಿ. ಆಮೇಲೆ ಮೊದಲ ಸಮೀಕರಣದಿಂದ ದ್ರವ್ಯರಾಶಿಯನ್ನು ಹೊರತೆಗೆಯಿರಿ. ಒಂದೇ ದಿಕ್ಕಿನಲ್ಲಿ ಹೋಗುವ ಎರಡು ಫೋಟಾನುಗಳಿಗೆ ಉತ್ತರ ಸೊನ್ನೆಯೇ. ಎದುರುಬದುರು ದಿಕ್ಕಿನಲ್ಲಿ ಹೋಗುವ, ತಲಾ 0.511 ಎಂಇವಿಯ ಎರಡು ಫೋಟಾನುಗಳಿಗೆ ಸಂವೇಗದ ಮೊತ್ತ ಸೊನ್ನೆ, ಶಕ್ತಿಯ ಮೊತ್ತ 1.022; ಹೀಗಾಗಿ ಕೂಟದ ದ್ರವ್ಯರಾಶಿ 1.022 ಎಂಇವಿ. ಎಲೆಕ್ಟ್ರಾನ್ ಮತ್ತು ಅದರ ಪ್ರತಿಕಣವಾದ ಪಾಸಿಟ್ರಾನ್ ಪರಸ್ಪರ ನಾಶವಾದಾಗ ಹುಟ್ಟುವ ಜೋಡಿ ಇದೇ, ಆಸ್ಪತ್ರೆಗಳ ಪೆಟ್ ಸ್ಕ್ಯಾನ್ ಹಿಡಿಯುವುದೂ ಇದನ್ನೇ. ನಾಶಕ್ಕೆ ಮುಂಚೆ ಮತ್ತು ನಂತರ ಕೂಟದ ದ್ರವ್ಯರಾಶಿ ಒಂದೇ ಆಗಿದೆ ಎಂಬುದನ್ನು ಗಮನಿಸಿ. ‘ದ್ರವ್ಯರಾಶಿ ಶಕ್ತಿಯಾಗಿ ಬದಲಾಯಿತು’ ಎಂಬ ಮಾತು ಎಷ್ಟು ಸಡಿಲವೆಂದು ಇದರಿಂದ ಗೊತ್ತಾಗುತ್ತದೆ.

ಸೂರ್ಯನ ಬೆಳಕು ಪಾವಗಡದ ಪ್ಯಾನೆಲ್‌ಗೆ ಬಂದು ಸೇರಿದಾಗಲೂ ಇದೇ ಲೆಕ್ಕ. ಒಂದೇ ದಿಕ್ಕಿನಿಂದ ಬರುವ ಕಿರಣದ ದ್ರವ್ಯರಾಶಿ ಹೆಚ್ಚುಕಡಿಮೆ ಸೊನ್ನೆ, ಆದರೂ ಅದನ್ನು ಹೀರಿ ಬಿಸಿಯಾದ ಪ್ಯಾನೆಲ್‌ನ ದ್ರವ್ಯರಾಶಿ ಹೆಚ್ಚುತ್ತದೆ. ಇಡೀ ಪಾರ್ಕ್ ಪೂರ್ಣ ಸಾಮರ್ಥ್ಯದಲ್ಲಿ ಒಂದು ಗಂಟೆ ಉತ್ಪಾದಿಸುವ ವಿದ್ಯುತ್ತನ್ನು ಬೆಳಕಿನ ವೇಗದ ವರ್ಗದಿಂದ ಭಾಗಿಸಿದರೆ 82 ಮಿಲಿಗ್ರಾಂ.

ಈ ವಿಧಾನದ ಗಂಭೀರ ಬಳಕೆ ಕೆಜಿಎಫ್‌ನಲ್ಲಿಯೇ ನಡೆದಿದೆ. 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು (ದ್ರವ್ಯದೊಂದಿಗೆ ಬಹಳ ವಿರಳವಾಗಿ ವರ್ತಿಸುವ ತಟಸ್ಥ ಕಣಗಳನ್ನು) ಗುರುತಿಸಿದ ಆ ಗಣಿಯಲ್ಲಿ, 1980ರ ದಶಕದಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಭಾರತ ಮತ್ತು ಜಪಾನಿನ ವಿಜ್ಞಾನಿಗಳು ಪ್ರೋಟಾನಿನ ಕ್ಷಯಕ್ಕಾಗಿ ಕಾದು ಕುಳಿತರು. ಪ್ರೋಟಾನ್ ಒಡೆದು ಒಂದು ಪಾಸಿಟ್ರಾನ್ ಮತ್ತು ಒಂದು ತಟಸ್ಥ ಪಯಾನ್ ಆದರೆ, ಎರಡೂ ಎದುರುಬದುರಾಗಿ ತಲಾ 459 ಎಂಇವಿ ಸಂವೇಗದಿಂದ ಹಾರಬೇಕು. ಪಾಸಿಟ್ರಾನಿನ ಶಕ್ತಿ 459. ಪಯಾನಿನದು 459 ಮತ್ತು 135ರ ವರ್ಗಗಳ ಮೊತ್ತದ ವರ್ಗಮೂಲ, ಅಂದರೆ ಸುಮಾರು 479. ಕೂಡಿಸಿದರೆ ಪ್ರೋಟಾನಿನ 938 ಮರಳಿ ಬರುತ್ತದೆ. ಕೆಜಿಎಫ್ ತಂಡ ಕ್ಷಯದಂತೆ ಕಾಣುವ ಕೆಲವು ಘಟನೆಗಳನ್ನು ವರದಿ ಮಾಡಿತ್ತು. ಅಮೆರಿಕ ಮತ್ತು ಜಪಾನಿನ ದೊಡ್ಡ ನೀರಿನ ಪತ್ತೆಕಾರಕಗಳು ಅದನ್ನು ದೃಢಪಡಿಸಲಿಲ್ಲ. ಫಲಿತಾಂಶ ಏನೇ ಇರಲಿ, ಅಳೆದ ಶಕ್ತಿ ಮತ್ತು ಸಂವೇಗಗಳಿಂದ ಮೂಲ ಕಣದ ದ್ರವ್ಯರಾಶಿಯನ್ನು ಹೊರತೆಗೆಯುವ ಲೆಕ್ಕ ಇದೇ ಆಗಿದೆ.

ಅಭ್ಯಾಸಕ್ಕೆ ಒಂದು: ತಲಾ 100 ಎಂಇವಿಯ ಎರಡು ಫೋಟಾನುಗಳು ಒಂದು ತಟಸ್ಥ ಪಯಾನಿನಿಂದ ಹುಟ್ಟಿದ್ದರೆ ಅವುಗಳ ನಡುವಿನ ಕೋನ ಎಷ್ಟು? ಉತ್ತರ 85 ಡಿಗ್ರಿಗೆ ಸ್ವಲ್ಪ ಕಡಿಮೆ ಬರಬೇಕು.

ಎಂಟನೆಯ ಹೆಜ್ಜೆ: ಎಲ್ಲಿ ನಿಲ್ಲಬೇಕು

ಫೋಟಾನಿನ ಶಕ್ತಿಯನ್ನು ಬೆಳಕಿನ ವೇಗದ ವರ್ಗದಿಂದ ಭಾಗಿಸಿ, ಬಂದದ್ದನ್ನು ದ್ರವ್ಯರಾಶಿಯೆಂದು ಕರೆದು, ನ್ಯೂಟನ್ನನ ಗುರುತ್ವ ಸೂತ್ರಕ್ಕೆ ತುರುಕುವ ಆಸೆ ಕೊನೆಗೆ ಎಲ್ಲರಿಗೂ ಬರುತ್ತದೆ. ಹಾಗೆ ಮಾಡಿದರೆ ಸೂರ್ಯನ ಅಂಚನ್ನು ಸವರಿ ಬರುವ ನಕ್ಷತ್ರದ ಬೆಳಕು 0.87 ಆರ್ಕ್‌ಸೆಕೆಂಡ್ ಬಾಗಬೇಕೆಂಬ ಉತ್ತರ ಬರುತ್ತದೆ. ಸಾಮಾನ್ಯ ಸಾಪೇಕ್ಷತೆ ಹೇಳುವುದು 1.75, ಮತ್ತು 1919ರ ಗ್ರಹಣದ ಅಳತೆಗಳು ಹಾಗೂ ಆಮೇಲಿನ ಹೆಚ್ಚು ನಿಖರವಾದ ರೇಡಿಯೊ ಅಳತೆಗಳು ಅದರ ಪರವಾಗಿವೆ. ಗುರುತ್ವ ಬಂದ ಕೂಡಲೇ ವಿಶಿಷ್ಟ ಸಾಪೇಕ್ಷತೆಯ ಈ ಎರಡು ಸಮೀಕರಣಗಳನ್ನು ಹಿಡಿದು ಮುಂದೆ ಹೋಗದೆ ಸಾಮಾನ್ಯ ಸಾಪೇಕ್ಷತೆಯ ಪುಸ್ತಕವನ್ನು ತೆರೆಯಬೇಕು.